ಕುಂಡದ ಬೇರಿಗೂ ಗಾಳಿ ಬೇಕು

ಕೇಳುಗರೆಲ್ಲರಿಗೂ ನಮಸ್ಕಾರ.

ಮಳೆಗಾಲ ಬಂತೆಂದರೆ ಹುಬ್ಬಳ್ಳಿ, ಧಾರವಾಡದ ನರ್ಸರಿಗಳಲ್ಲಿ ಜನವೋ ಜನ. ಗಿಡದ ಜೊತೆಗೆ ಈಗ ಬಿಳಿ ಕಾಳಿನ ಒಂದು ಚೀಲ, ಹೊಳೆಯುವ ಕಂದು ಚೂರಿನ ಇನ್ನೊಂದು ಚೀಲ ಮನೆಗೆ ಬರುತ್ತಿವೆ. ಬಿಳಿದು ಪರ್ಲೈಟ್, ಕಂದು ವರ್ಮಿಕ್ಯುಲೈಟ್. ಇವು ಗೊಬ್ಬರ ಅಂತ ಬಹಳ ಜನ ತಿಳಿದಿದ್ದಾರೆ. ಗೊಬ್ಬರ ಅಲ್ಲ. ಇವತ್ತು ನಾನು ಹೇಳುವುದು ಒಂದೇ ಮಾತು: ಬೇರಿಗೆ ನೀರು ಎಷ್ಟು ಬೇಕೋ ಗಾಳಿಯೂ ಅಷ್ಟೇ ಬೇಕು.

ಗದಗ-ಬೆಟಗೇರಿಯ ಒಬ್ಬ ಅಕ್ಕನವರ ಮನೆಗೆ ಹೋಗಿದ್ದೆ. ಮಾಳಿಗೆಯ ಮೇಲೆ ಸಾಲು ಸಾಲು ಕುಂಡ. ಎಲ್ಲದರಲ್ಲೂ ದಾಸವಾಳದ ಕಡ್ಡಿ ನೆಟ್ಟಿದ್ದರು. ಎಲೆ ಹಳದಿಯಾಗಿ ಉದುರುತ್ತಿತ್ತು. "ದಿನಾ ಮುಂಜಾನೆ ಸಂಜಿ ನೀರು ಹಾಕ್ತೀನ್ರಿ ಸರ, ಆದ್ರೂ ಒಣಗಾಕತ್ತಾವು" ಅಂದರು. ಒಂದು ಕಡ್ಡಿ ಕಿತ್ತು ನೋಡಿದೆ. ಬುಡ ಕಪ್ಪಾಗಿ ಮೆತ್ತಗಾಗಿತ್ತು, ಕೆಟ್ಟ ವಾಸನೆ. ಒಣಗಿದ್ದಲ್ಲ, ಕೊಳೆತದ್ದು.

ಕುಂಡದಲ್ಲಿ ಇದ್ದದ್ದು ಹೊಲದಿಂದ ತಂದ ಎರೆಮಣ್ಣು, ಅಂದರೆ ಜಿಗುಟಾದ ಕಪ್ಪು ಮಣ್ಣು. ಅವರು ಕೇಳಿದ ಪ್ರಶ್ನೆ ನನಗೆ ಬಹಳ ಹಿಡಿಸಿತು. "ಇದೇ ಮಣ್ಣಾಗ ನಮ್ಮ ಹತ್ತಿ ಬೆಳಿತಾವ್ರಿ. ಕುಂಡದಾಗ ಯಾಕ ಬರಂಗಿಲ್ಲ?" ಸರಿಯಾದ ಪ್ರಶ್ನೆ ಅಲ್ವಾ? ಹೊಲದಲ್ಲಿ ಎರೆಮಣ್ಣು ಆಳಕ್ಕಿದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಒಳಗೆ ಗಾಳಿ ತೆಗೆದುಕೊಳ್ಳುತ್ತದೆ. ಅಲ್ಲಿ ಯಾರೂ ದಿನಕ್ಕೆ ಎರಡು ಸಲ ತಂಬಿಗೆ ಹಿಡಿದು ನಿಲ್ಲುವುದಿಲ್ಲ. ಕುಂಡದ ಮಣ್ಣು ಒಂದು ಗೇಣು. ಅದರ ಸಣ್ಣ ಸಣ್ಣ ಸಂದಿಯಲ್ಲೆಲ್ಲ ನೀರೇ ತುಂಬಿದರೆ ಗಾಳಿಗೆ ಜಾಗ ಎಲ್ಲಿ?

"ತಳಕ್ಕ ಖಡಿ ಹಾಕೀನಲ್ರಿ" ಅಂದರು. ಖಡಿ ಅಂದರೆ ಜಲ್ಲಿಕಲ್ಲು. ಇದನ್ನು ಎಲ್ಲರೂ ಹೇಳುತ್ತಾರೆ, ಎಲ್ಲರೂ ಮಾಡುತ್ತಾರೆ. ಉಪಯೋಗ ಇಲ್ಲ. ಮೇಲಿನ ಮಣ್ಣು ಪೂರ್ತಿ ತೊಯ್ದು ತುಂಬುವ ತನಕ ನೀರು ಖಡಿಗೆ ಇಳಿಯುವುದೇ ಇಲ್ಲ. ಬೇರು ಇರುವುದು ಮಣ್ಣಿನಲ್ಲಿ, ಗಾಳಿ ಅಲ್ಲೇ ಬೇಕು. ನಾಲ್ಕು ಹಿಡಿ ಉಸುಕು ಬೆರೆಸಿದರೂ ಆಗುವುದಿಲ್ಲ. ಎರೆಯ ಸಣ್ಣ ಕಣ ಹೋಗಿ ಉಸುಕಿನ ಸಂದಿಯನ್ನೇ ಮುಚ್ಚಿಬಿಡುತ್ತದೆ.

ಅರ್ಧ ಪರ್ಲೈಟ್, ಅರ್ಧ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಬೆರೆಸಿ ಹೊಸ ಕಡ್ಡಿ ನೆಡಿಸಿದೆ. ನೆರಳಿನಲ್ಲಿ ಇಡಿ, ಮೇಲ್ಮೈ ಒಣಗಿದರೆ ಮಾತ್ರ ನೀರು ಅಂದೆ. ಮುಂದೆ ಅವರೇ ಫೋನ್ ಮಾಡಿ, ಬಿಳಿ ಬೇರು ಬಂದಾವು ಅಂತ ಕೂಗಿ ಹೇಳಿದರು. ನನಗೂ ಅಷ್ಟೇ ಖುಷಿ ಆಯಿತು.

ಪರ್ಲೈಟ್ ಅಂದರೆ ಜ್ವಾಲಾಮುಖಿಯ ಗಾಜಿನಂಥ ಕಲ್ಲು. ಸುಮಾರು 900 ಡಿಗ್ರಿಗೆ ಕಾಯಿಸಿದರೆ ಒಳಗಿನ ನೀರಿನ ಅಂಶ ಆವಿಯಾಗಿ, ಪಂಚಮಿಗೆ ಹುರಿಯುವ ಜೋಳದ ಅರಳಿನ ಹಾಗೆ ಉಬ್ಬುತ್ತದೆ. ಹಗುರ, ಕೊಳೆಯುವುದಿಲ್ಲ, ಗಾಳಿಗೆ ಜಾಗ ಮಾಡುತ್ತದೆ. ಕಡ್ಡಿ ನೆಡಲು ಇದೇ ಇರಲಿ.

ಸಮಯ ಕಡಿಮೆ ಇದೆ, ಉಳಿದದ್ದು ಬೇಗ ಹೇಳುತ್ತೇನೆ. ವರ್ಮಿಕ್ಯುಲೈಟ್ ಪದರ ಪದರದ ಖನಿಜ. ಇದು ನೀರು ಹಿಡಿಯುತ್ತದೆ, ಗೊಬ್ಬರದ ಸತ್ವವನ್ನೂ ಹಿಡಿಯುತ್ತದೆ. ಮೆಣಸಿನಕಾಯಿ, ಟೊಮೆಟೊ ಬೀಜ ಹಾಕಿ ಮೇಲೆ ತೆಳ್ಳಗೆ ಉದುರಿಸಲು ಒಳ್ಳೆಯದು. ಕಳ್ಳಿ ಗಿಡಕ್ಕೆ ಬೇಡ. ಜಿಯೋಲೈಟ್ ಅಂತ ಇನ್ನೊಂದು ಖನಿಜ ಮಾರುತ್ತಾರೆ, ಮನೆಯ ನಾಲ್ಕು ಕುಂಡಕ್ಕೆ ಸುಮ್ನೆ ಖರ್ಚು.

ದುಡ್ಡು ಉಳಿಸಬೇಕಾ? ಹಳೆಯ ಇಟ್ಟಿಗೆ, ಹೆಂಚು ಕುಟ್ಟಿ, ಜರಡಿ ಹಿಡಿದು ಪುಡಿ ತೆಗೆದುಬಿಡಿ. ಬಟಾಣಿ ಗಾತ್ರದ ಚೂರು ಸಾಕು. ಕೆಂಪು ಮಣ್ಣು, ಕೊಳೆತ ಗೊಬ್ಬರ, ಈ ಚೂರು ಸಮಸಮ ಬೆರೆಸಿ. ಚೂರಿನ ಬದಲು ಅಷ್ಟೇ ಪ್ರಮಾಣದ ದಪ್ಪ ಉಸುಕೂ ನಡೆಯುತ್ತದೆ. ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿ ಮಾಡಿ ತಯಾರಿಸಿದ ಉಸುಕು ಆದರೆ ನೀರು ತಿಳಿಯಾಗುವ ತನಕ ತೊಳೆಯಿರಿ, ಅದರ ಪುಡಿಯೂ ಗಾಳಿಯ ದಾರಿ ಮುಚ್ಚುತ್ತದೆ.

ಇನ್ನೊಂದು ಮಾತು, ಇದನ್ನು ಮರೆಯಬೇಡಿ. ಪರ್ಲೈಟ್ ಚೀಲ ಬಿಚ್ಚಿದ ಕೂಡಲೇ ಧೂಳು ಏಳುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಚೀಲದೊಳಗೇ ನೀರು ಚಿಮುಕಿಸಿ ಆಮೇಲೆ ಹೊರಗೆ ಸುರಿಯಿರಿ. ಮಕ್ಕಳನ್ನು ದೂರ ಇಡಿ. ನಮಸ್ಕಾರ.