ಕ್ಯುರೇಟೆಡ್ ಅಂತೆ ನೀರ್‌ದೋಸೆ!

ನಮಸ್ಕಾರ ಮಾರಾಯ್ರೆ. ಮೊನ್ನೆ ಮಂಗಳೂರಲ್ಲೇ ಒಂದು ಕೆಫೆಗೆ ಹೋಗಿದ್ದೆ. ಮೆನುವಿನಲ್ಲಿ ‘ಕ್ಯುರೇಟೆಡ್ ಕರಾವಳಿ ತಟ್ಟೆ’. ಬಂದದ್ದು ಎಂತ? ಎರಡು ನೀರ್‌ದೋಸೆ, ಮೂರು ಗೋಳಿಬಜೆ, ಚಿಟಿಕೆ ಕಾಯಿಬೆಲ್ಲ. ದೋಸೆ ತಣ್ಣಗಾಗಿ ಒಂದಕ್ಕೊಂದು ಅಂಟಿತ್ತು, ಬಿಡಿಸಲಿಕ್ಕೆ ಹೋದರೆ ಹರಿದೇ ಹೋಯಿತು. ಇದನ್ನು ಕ್ಯುರೇಟ್ ಮಾಡಿದ್ದು ಯಾರು ಅಂತ ಕೇಳಿದೆ. ಹುಡುಗ ಪಾಪ, ಬಿಲ್ ತಂದಿಟ್ಟ.

ಇದನ್ನು ಕಳೆದ ವಿಡಿಯೊದಲ್ಲಿ ಹೇಳಿದ್ದಕ್ಕೆ ಒಬ್ಬರ ಕಮೆಂಟು: ‘ಸರ್, ಕ್ಯುರೇಟ್ ಅಂದ್ರೆ ಆರಿಸುವುದು, ಡಿಕ್ಷನರಿ ನೋಡಿ.’ ನೋಡಿದೆ ಸ್ವಾಮಿ! ಬೇರು ಲ್ಯಾಟಿನ್ನಿನ ‘ಕೂರಾ’, ಅಂದರೆ ಆರೈಕೆ. ಹಳೆಯ ರೋಮಿನಲ್ಲಿ ನಗರದ ನೀರಿನ ಕಾಲುವೆ ನೋಡಿಕೊಳ್ಳುವವನೂ ಕ್ಯುರೇಟರೇ. ಕ್ಯೂರ್, ಪೆಡಿಕ್ಯೂರ್ ಎಲ್ಲ ಅದೇ ಸಂಸಾರ. ಪೆಡಿಕ್ಯೂರ್ ಅಂದರೆ ಕಾಲು ಆರಿಸುವುದಾ? ನೋಡಿಕೊಳ್ಳುವುದು!

ಇಟಲಿಯ ಕಲಾವಿದ ಕತ್ತೆಲಾನ್‌ನ ಬಾಳೆಹಣ್ಣು ನೆನಪುಂಟಲ್ಲ? 2019ರಲ್ಲಿ ಮಯಾಮಿಯ ಕಲಾಮೇಳದಲ್ಲಿ ಗೋಡೆಗೆ ಟೇಪು ಹಾಕಿ ಅಂಟಿಸಿದ್ದು, ಕಲಾಕೃತಿ ಅಂತ. 2024ರ ನವೆಂಬರಿನಲ್ಲಿ ನ್ಯೂಯಾರ್ಕಿನ ಸೋದಬೀಸ್ ಹರಾಜಿನಲ್ಲಿ 62 ಲಕ್ಷ ಡಾಲರ್! ಕೊಂಡ ಜಸ್ಟಿನ್ ಸನ್ ತಿಂದೇಬಿಟ್ಟ. ಕೊಂಡವನಿಗೆ ಸಿಗುವುದು ಪ್ರಮಾಣಪತ್ರ, ಮತ್ತೆ ಹಣ್ಣು ಹೇಗೆ ಅಂಟಿಸಬೇಕು ಅನ್ನುವ ಸೂಚನೆ. ಮ್ಯೂಸಿಯಂನವರು ಕೊಳೆಯುವ ಮೊದಲು ಹಣ್ಣು ಬದಲಿಸುತ್ತಿರಬೇಕು. ಅದು, ಅದು ಕ್ಯುರೇಟ್ ಮಾಡುವುದು! ನಮ್ಮಮ್ಮ ನೋಡಿದರೆ ‘ಕಪ್ಪಾಗಲಿ ಬಿಡು, ಬನ್ಸಿಗಾಯ್ತು’ ಅಂತಾರೆ. ಅದೂ ಆರೈಕೆಯೇ.

ಅಷ್ಟು ದೂರ ಯಾಕೆ, ನಮ್ಮ ಮಂಗಳೂರಿನ ಅಲೋಶಿಯಸ್ ಚಾಪೆಲ್ಲಿಗೆ ಹೋಗಿ ತಲೆಯೆತ್ತಿ. ಇಟಲಿಯಿಂದ ಬಂದ ಮೊಸ್ಕೇನಿ 1899ರಲ್ಲಿ ಶುರು ಮಾಡಿದ ಚಿತ್ರಗಳು. ನಮ್ಮ ಮಳೆ ಗೊತ್ತಲ್ಲ, ಕಪಾಟಿನೊಳಗಿನ ಚಪ್ಪಲಿಗೂ ಬೂಸು ಹಿಡಿಯುವ ಮಳೆ. ಆ ಗೋಡೆಗಳನ್ನು ಜೋಪಾನವಾಗಿ ದುರಸ್ತಿ ಮಾಡಿದ್ದರಿಂದಲೇ ಬಣ್ಣ ಇವತ್ತಿಗೂ ಉಂಟು. ಆ ದುರಸ್ತಿ ಮಾಡಿದವರನ್ನು ಕ್ಯುರೇಟರ್ ಅನ್ನಿ, ಎದ್ದು ನಿಲ್ಲುತ್ತೇನೆ.

‘ಭಾಷೆ ಬದಲಾಗ್ತದೆ ಸರ್’ ಅಂತೀರಿ. ಆಗಲಿ! ಹಾಗಾದರೆ ನಾಳೆ ಮೀನು ಮಾರುಕಟ್ಟೆಯಲ್ಲಿ ‘ಬಂಗುಡೆ ಕ್ಯುರೇಟ್ ಮಾಡಿ ಕೊಡಿ’ ಅಂತ ಕೇಳಿ, ಮೀನಿನವರು ಎಂತ ಹೇಳ್ತಾರೆ ನೋಡುವ. ಪ್ಲೇಲಿಸ್ಟ್ ಕ್ಯುರೇಟೆಡ್, ಮದುವೆ ಊಟ ಕ್ಯುರೇಟೆಡ್, ಹೋಮ್‌ಸ್ಟೇಯ ಹಾಸಿಗೆ ಕ್ಯುರೇಟೆಡ್! ಆರಿಸಿದ್ದು ಅನ್ನಿ ಮಾರಾಯ್ರೆ, ನಾಲ್ಕಕ್ಷರ, ಬಾಯಿ ನೋಯುವುದಿಲ್ಲ.

ಸಬ್‌ಸ್ಕ್ರೈಬ್ ಮಾಡಿ. ನಮ್ಮ ಚಾನೆಲ್ಲಿನ ಮಗ್ ಕೂಡ ಉಂಟು, ಕೆಳಗೆ ಲಿಂಕ್. ಹಿಡಿಕೆ ಮುರಿದರೆ ನಾನು ಜವಾಬ್ದಾರನಲ್ಲ. ಕಮೆಂಟು ಹಾಕಿದ ಸರ್, ನಿಮ್ಮ ಡಿಕ್ಷನರಿ ಯಾವುದು ಅಂತ ಬರೆಯಿರಿ, ಫೋಟೊ ಸಮೇತ… ಹಾಂ? ಬಂದೆ ಅಮ್ಮಾ! ಬನ್ಸ್ ಎಣ್ಣೆಗೆ ಬಿಟ್ಟಾಯ್ತಂತೆ, ನಾನು ಹೊರಟೆ.