ಚಾಂಪಿಯನ್ನರಿಗೆ ಜಾಗ ಬೇಕು, ಸೀಡ್ ಬೇಡ

ನಮಸ್ಕಾರ. ಅಮೆರಿಕದ ಕಾಲೇಜ್ ಫುಟ್‌ಬಾಲ್ ಪ್ಲೇಆಫ್‌ನಲ್ಲಿ ಕಾನ್ಫರೆನ್ಸ್ (ಕಾಲೇಜ್ ತಂಡಗಳ ಲೀಗ್) ಗೆದ್ದ ತಂಡಕ್ಕೆ ಏನು ಸಿಗಬೇಕು? ಒಳಗೆ ಬರೋ ಹಕ್ಕು ಸಿಗಲೇಬೇಕು. ಮೇಲಿನ ಸೀಡ್, ಅಂದ್ರೆ ಯಾರು ಯಾರ ಜೊತೆ ಆಡಬೇಕು ಅಂತ ತೀರ್ಮಾನಿಸೋ ಕ್ರಮಸಂಖ್ಯೆ, ಮಾತ್ರ ತಾನಾಗೇ ಸಿಗಕೂಡದು. ಯಾಕೆ ಅಂತ 2024ರ ಪಟ್ಟಿ ನೋಡಿದ್ರೆ ಗೊತ್ತಾಗುತ್ತೆ.

ಮೊದಲ ಸಲ 12 ತಂಡ ಆಡಿದ ವರ್ಷ ಅದು. ಆಯ್ಕೆ ಸಮಿತಿಯ ರ‍್ಯಾಂಕಿಂಗ್‌ನಲ್ಲಿ ಮೇಲಿರೋ 5 ಚಾಂಪಿಯನ್ನರಿಗೆ ಜಾಗ ಖಾತ್ರಿ, ಮಿಕ್ಕ 7 ಜಾಗ ರ‍್ಯಾಂಕ್ ನೋಡಿ. ಇಲ್ಲಿವರೆಗೂ ಸರಿ. ಆದ್ರೆ ಆ ಐವರಲ್ಲಿ ಮೊದಲ ನಾಲ್ವರಿಗೆ 1ರಿಂದ 4ರವರೆಗಿನ ಸೀಡನ್ನೂ ಬರೆದುಕೊಟ್ಟರು. ಅಂದ್ರೆ ಬೈ: ಮೊದಲ ಸುತ್ತು ಆಡದೆ ನೇರ ಕ್ವಾರ್ಟರ್‌ಫೈನಲ್. 9ನೇ ರ‍್ಯಾಂಕಿನ ಬಾಯ್ಸಿ ಸ್ಟೇಟ್ 3ನೇ ಸೀಡ್ ಆಯ್ತು, 12ನೇ ರ‍್ಯಾಂಕಿನ ಅರಿಜೋನಾ ಸ್ಟೇಟ್ 4ನೇ ಸೀಡ್. 3ನೇ ರ‍್ಯಾಂಕಿನ ಟೆಕ್ಸಾಸ್ 5ಕ್ಕೆ ಇಳೀತು.

ಟೆಕ್ಸಾಸ್‌ಗೆ ಅನ್ಯಾಯ ಅನ್ನಿಸುತ್ತೆ, ಅಲ್ವಾ? ನಿಜವಾಗಿ ಏಟು ಬಿದ್ದಿದ್ದು ಒರೆಗಾನ್‌ಗೆ. 5ನೇ ಸೀಡು 12ನೇದನ್ನ ಸೋಲಿಸಿದ್ರೆ ಮುಂದೆ ಸಿಗೋದು 4ನೇ ಸೀಡು. ಹಾಗಾಗಿ ಟೆಕ್ಸಾಸ್‌ ದಾರಿಯಲ್ಲಿದ್ದಿದ್ದು 16ನೇ ರ‍್ಯಾಂಕಿನ ಕ್ಲೆಮ್ಸನ್, ಆಮೇಲೆ ಅರಿಜೋನಾ ಸ್ಟೇಟ್. ಆದ್ರೆ 13ಕ್ಕೆ 13 ಗೆದ್ದು 1ನೇ ಸೀಡ್ ಪಡೆದ ಒರೆಗಾನ್‌ಗೆ ಮೊದಲ ಪಂದ್ಯದಲ್ಲೇ ಓಹಾಯೋ ಸ್ಟೇಟ್! 6ನೇ ರ‍್ಯಾಂಕಿನ ಆ ತಂಡವನ್ನ 8ನೇ ಸೀಡಿಗೆ ತಳ್ಳಿದ್ದೂ ಇದೇ ನಿಯಮ. ಒರೆಗಾನ್ 41-21ರಲ್ಲಿ ಸೋತಿತು, ಕೊನೆಗೆ ಓಹಾಯೋ ಸ್ಟೇಟೇ ಚಾಂಪಿಯನ್. ಬೈ ಸಿಕ್ಕ ನಾಲ್ಕೂ ತಂಡ ಕ್ವಾರ್ಟರ್‌ಫೈನಲ್‌ನಲ್ಲೇ ಹೊರಗೆ. ನಾಲ್ಕೂ ಸೋಲಿಗೆ ಸೀಡಿಂಗ್ ಒಂದೇ ಕಾರಣ ಅಂತ ನಾನು ಹೇಳಲ್ಲ. ಆದ್ರೆ 1ನೇ ಸೀಡಿಗಿಂತ 5ನೇ ಸೀಡಿನ ದಾರಿ ಸಲೀಸಾಗಿದ್ರೆ ಆ ಪಟ್ಟಿಗೆ ಅರ್ಥವಿಲ್ಲ.

2025ರ ಮೇ ತಿಂಗಳಲ್ಲಿ ಇದನ್ನ ತಿದ್ದಿದರು. ಖಾತ್ರಿ ಜಾಗ ಹಾಗೇ ಉಳೀತು, ಸೀಡ್ ಮಾತ್ರ ರ‍್ಯಾಂಕ್ ಇದ್ದ ಹಾಗೆ. ಒಳ್ಳೇ ತೀರ್ಮಾನ.

ಆ ಋತುವಿನಲ್ಲೇ ಖಾತ್ರಿ ಜಾಗದ ಮೇಲೂ ಕೂಗೆದ್ದಿತು. 20ನೇ ರ‍್ಯಾಂಕಿನ ಟುಲೇನ್, 24ನೇ ರ‍್ಯಾಂಕಿನ ಜೇಮ್ಸ್ ಮ್ಯಾಡಿಸನ್ ಒಳಗೆ. 11ನೇ ರ‍್ಯಾಂಕಿನ ನೋಟರ್ ಡೇಮ್ ಹೊರಗೆ. ತಪ್ಪು ಜೇಮ್ಸ್ ಮ್ಯಾಡಿಸನ್‌ದಲ್ಲ. ದೊಡ್ಡ ಕಾನ್ಫರೆನ್ಸ್‌ಗಳಲ್ಲಿ ಒಂದಾದ ಎಸಿಸಿಯಲ್ಲಿ, ಅದರ ಫೈನಲ್ ಆಡೋಕೆ ಬೇಕಾದ ಎರಡನೇ ಸ್ಥಾನಕ್ಕೆ 5 ತಂಡ 6-2ರಲ್ಲಿ ಸಮ ನಿಂತವು. ಟೈ ಬಿಡಿಸೋ ನಿಯಮ ಮಿಯಾಮಿಯನ್ನ ಬಿಟ್ಟು ಡ್ಯೂಕನ್ನ ಫೈನಲ್‌ಗೆ ಕಳಿಸ್ತು. ಡ್ಯೂಕ್ ಗೆದ್ದೂಬಿಡ್ತು. ಆದ್ರೆ 8 ಗೆಲುವು, 5 ಸೋಲಿನ ತಂಡಕ್ಕೆ ರ‍್ಯಾಂಕೇ ಇರಲಿಲ್ಲ. ಆಗಿನ ನಿಯಮ ಕೇಳ್ತಿದ್ದದ್ದು ಅತಿ ಹೆಚ್ಚು ರ‍್ಯಾಂಕಿನ 5 ಚಾಂಪಿಯನ್ನರನ್ನ, ದೊಡ್ಡ ಕಾನ್ಫರೆನ್ಸಿನ ಹೆಸರನ್ನಲ್ಲ. ಹೀಗಾಗಿ ಐದನೇ ಜಾಗ ಜೇಮ್ಸ್ ಮ್ಯಾಡಿಸನ್ ಗೆದ್ದ ಸಣ್ಣ ಕಾನ್ಫರೆನ್ಸ್ ಸನ್ ಬೆಲ್ಟ್‌ಗೆ ಹೋಯ್ತು.

ಈಗ ಲೆಕ್ಕ ಹಾಕಿ: ಆ ಫೈನಲ್ ಮಿಯಾಮಿ ಆಡಿ ಗೆದ್ದಿದ್ರೆ, 10ನೇ ರ‍್ಯಾಂಕಿನ ಮಿಯಾಮಿಯೇ ಐವರಲ್ಲೊಬ್ಬ ಚಾಂಪಿಯನ್. ಜೇಮ್ಸ್ ಮ್ಯಾಡಿಸನ್ ಹೊರಗೆ, ರ‍್ಯಾಂಕ್ ನೋಡಿ ಮಿಯಾಮಿಗೆ ಕೊಟ್ಟಿದ್ದ ಜಾಗ ಖಾಲಿ. ಆ ಜಾಗ ನೋಟರ್ ಡೇಮ್‌ಗೆ. ತಿದ್ದಬೇಕಾದ್ದು ಎಸಿಸಿಯ ಟೈ ನಿಯಮ. ಸಣ್ಣ ಕಾನ್ಫರೆನ್ಸ್‌ಗಳಿಗೆ ಇರೋ ಆ ಒಂದೇ ಬಾಗಿಲನ್ನ ಮುಚ್ಚೋಕೆ ಹೋಗಬೇಡಿ.