ಪಕ್ಕದ ಮನೆಯ ಅಜ್ಜಿಯ ಲೂಗರ್ ಪಿಸ್ತೂಲಿಗೆ ಬೆಲೆ ಎಷ್ಟು?

ನಮಸ್ಕಾರ. ಓಹಾಯೋದಲ್ಲಿರುವ ನಮ್ಮ ಪಕ್ಕದ ಮನೆಯ ಅಜ್ಜಿಯ ಊಟದ ಮೇಜಿನ ಮೇಲೆ ಈಗ ನೀವು ನೋಡುತ್ತಿರುವುದು ಅವರ ತಂದೆ ಎರಡನೆಯ ಮಹಾಯುದ್ಧ ಮುಗಿಸಿಕೊಂಡು ಬರುವಾಗ ಜರ್ಮನಿಯಿಂದ ತಂದ ಪಿಸ್ತೂಲು. ಮ್ಯಾಗಜೀನ್ ತೆಗೆದು, ಒಳಗೆ ಗುಂಡಿಲ್ಲವೆಂದು ಎರಡು ಬಾರಿ ನೋಡಿದ ಮೇಲೆಯೇ ಕ್ಯಾಮೆರಾ ಹಚ್ಚಿದ್ದೇನೆ. ಗುಂಡು ಒಳಗಿದ್ದರೆ ಮೇಲ್ಭಾಗದ ಈ ಸಣ್ಣ ಪಟ್ಟಿ ತುಸು ಮೇಲೇಳುತ್ತದೆ. ಆಗ ಅದರ ಮಗ್ಗುಲಲ್ಲಿ ಕೆತ್ತಿರುವ ‘ಗೆಲಾಡೆನ್’, ಅಂದರೆ ‘ತುಂಬಿದೆ’ ಎಂಬ ಪದ ಕಾಣುತ್ತದೆ.

ಮೊಣಕಾಲಿನಂತೆ ಮಡಚಿಕೊಳ್ಳುವ ಈ ಕೀಲನ್ನು ನೋಡಿದೊಡನೆ ಇದು ಗೇಯಾರ್ಗ್ ಲೂಗರ್ ವಿನ್ಯಾಸಗೊಳಿಸಿದ್ದೆಂದು ತಿಳಿಯುತ್ತದೆ. ಜರ್ಮನ್ ಭೂಸೇನೆ ಇದನ್ನು 1908ರಲ್ಲಿ ಅಂಗೀಕರಿಸಿತು. ಆದ್ದರಿಂದಲೇ ಪಿ08 ಎಂಬ ಹೆಸರು. ಕೀಲಿನ ಮೇಲೆ ಹೆಣೆದುಕೊಂಡಿರುವ ಮೂರು ಅಕ್ಷರಗಳು ಬರ್ಲಿನ್ನಿನ ಡಿಡಬ್ಲ್ಯುಎಂ ಕಾರ್ಖಾನೆಯವು. ನಳಿಕೆಯ ಉದ್ದ 100 ಮಿಲಿಮೀಟರ್. ನೌಕಾಪಡೆಯದಾಗಿದ್ದರೆ 150, ಫಿರಂಗಿ ದಳದ್ದಾಗಿದ್ದರೆ 200 ಇರುತ್ತಿತ್ತು.

ಇಲ್ಲಿ ಎರಡು ಇಸವಿಗಳಿವೆ: ಕೆಳಗೆ 1917, ಮೇಲೆ 1920. ತಯಾರಾದದ್ದು 1917ರಲ್ಲಿ, ಮೊದಲನೆಯ ಮಹಾಯುದ್ಧದಲ್ಲಿ ಸೋತ ಜರ್ಮನಿಯ ಪುಟ್ಟ ಸೇನೆ ಈ ಆಯುಧ ಸರ್ಕಾರದ ಆಸ್ತಿಯೆಂದು ಗುರುತಿಸಲು 1920 ಎಂದು ಮತ್ತೆ ಒತ್ತಿತು. ಅಮೆರಿಕದ ಕಾನೂನಿನಲ್ಲಿ 1898ರವರೆಗೆ ತಯಾರಾದದ್ದು ಮಾತ್ರ ‘ಆಂಟಿಕ್’ ಆಗಿರುವುದರಿಂದ, ಶತಮಾನ ದಾಟಿದ್ದರೂ ಬಂದೂಕು ಕಾನೂನಿನಿಂದ ಆಂಟಿಕ್‌ಗಳಿಗಿರುವ ವಿನಾಯಿತಿ ಇದಕ್ಕಿಲ್ಲ.

ಭೂತಗನ್ನಡಿ ಹಿಡಿದು ನೋಡಿ: ಚೌಕಟ್ಟಿನ ಮುಂಭಾಗದಲ್ಲೂ ನಳಿಕೆಯ ಅಡಿಯಲ್ಲೂ ಒಂದೇ ಕ್ರಮಸಂಖ್ಯೆ ಇದೆ, ಅದರ ಕೊನೆಯ ಎರಡು ಅಂಕಿಗಳು, 64, ಟ್ರಿಗರ್‌ನಂತಹ ಸಣ್ಣ ಭಾಗಗಳ ಮೇಲೂ ಇವೆ. ಸಂಗ್ರಾಹಕರು ಹಣ ಕೊಡುವುದು ಮುಖ್ಯವಾಗಿ ಈ ಹೊಂದಾಣಿಕೆಗೆ. ಮ್ಯಾಗಜೀನಿನ ಮರದ ತಳದ ಮೇಲಿನ ಸಂಖ್ಯೆ ಮಾತ್ರ ಬೇರೆ. ಅದು ದೊಡ್ಡ ದೋಷವೇನಲ್ಲ, ಯುದ್ಧಭೂಮಿಯಲ್ಲಿ ಮ್ಯಾಗಜೀನ್ ಅದಲುಬದಲಾಗುವುದು ಸಾಮಾನ್ಯ.

ನನಗೆ ನಿಜವಾಗಿ ನೋವಾದದ್ದು ಇದರ ಹೊಳಪು ಕಂಡಾಗ. ಅಜ್ಜಿಯ ಮಗ ಕೆಲವು ವರ್ಷಗಳ ಹಿಂದೆ, ತಾತನ ನೆನಪು ಚೆನ್ನಾಗಿರಲೆಂಬ ಒಳ್ಳೆಯ ಮನಸ್ಸಿನಿಂದಲೇ, ಇದನ್ನು ಒಂದು ಅಂಗಡಿಗೆ ಕೊಟ್ಟು, 200 ಡಾಲರ್ ತೆತ್ತು, ಉಕ್ಕನ್ನು ಉಜ್ಜಿಸಿ ಹೊಸದಾಗಿ ಕಪ್ಪುನೀಲಿ ಬಣ್ಣ ಹಾಕಿಸಿದರಂತೆ. ಚೂಪಾಗಿರಬೇಕಾದ ಅಂಚುಗಳು ಸವೆದ ಸಾಬೂನಿನಂತೆ ದುಂಡಗಾಗಿವೆ, 1917ರ ಏಳು ಅರ್ಧ ಮಾಸಿದೆ. ಮೂಲದಲ್ಲಿ ಒಣಹುಲ್ಲಿನ ಹಳದಿ ಬಣ್ಣವಿರಬೇಕಾದ ಟ್ರಿಗರ್ ಮತ್ತು ಸೇಫ್ಟಿ ಸನ್ನೆಗೂ ಅದೇ ಕಪ್ಪು ಬಳಿದಿದ್ದಾರೆ. ಆ ಅಂಗಡಿಯವರು ಕೆಲಸಕ್ಕೆ ಕೈಹಾಕುವ ಮೊದಲು ಒಂದು ಮಾತು ಎಚ್ಚರಿಸಬೇಕಿತ್ತು. ಎಚ್ಚರಿಸದಿದ್ದುದು ತಪ್ಪು ಎಂದೇ ನಾನು ಹೇಳುತ್ತೇನೆ. ಕೊಡಗಿನ ನಮ್ಮ ಮನೆಯಲ್ಲಿ ಕೈಲ್ ಮುಹೂರ್ತದಂದು ಪೂಜೆಗಿಡುವ ಕೋವಿಗೆ ಎಣ್ಣೆಬಟ್ಟೆಯ ಹೊರತು ಬೇರೇನೂ ತಾಗಲು ನಮ್ಮಜ್ಜ ಬಿಡುತ್ತಿರಲಿಲ್ಲ. ಮೂಲ ಬಣ್ಣವಿದ್ದಿದ್ದರೆ ಒಂದೂವರೆ, ಎರಡು ಸಾವಿರ ಡಾಲರ್ ಸುಲಭವಾಗಿ ಬರುತ್ತಿತ್ತು. ನಿನ್ನೆ ಫೋಟೋ ನೋಡಿದ ವ್ಯಾಪಾರಿಯೊಬ್ಬರು 850ಕ್ಕೆ ನಿಂತರು.

ಅದಕ್ಕೆ ಒಪ್ಪಿಕೊಳ್ಳಿ ಎಂದು ಬೆಳಿಗ್ಗೆ ಅಜ್ಜಿಗೆ ಹೇಳಿದ್ದೆ. ಈಗ ಆ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ, ಏಕೆಂದರೆ ಚರ್ಮದ ಒರೆಯ ಮುಚ್ಚಳದೊಳಗೆ ನಾಲ್ಕು ಮಡಿಕೆಯ ಈ ಕಾಗದ ಸಿಕ್ಕಿತು. ವಶಪಡಿಸಿಕೊಂಡ ಆಯುಧವನ್ನು ಮನೆಗೆ ಒಯ್ಯಲು ಸೈನಿಕನಿಗೆ ಮೇಲಧಿಕಾರಿ ಸಹಿ ಮಾಡಿ ಕೊಡುತ್ತಿದ್ದ ಅನುಮತಿ ಪತ್ರವಿದು. ಟೈಪ್ ಮಾಡಿರುವ ಕ್ರಮಸಂಖ್ಯೆ ಪಿಸ್ತೂಲಿನದಕ್ಕೆ ಅಂಕಿ ಬಿಡದೆ ಹೊಂದುತ್ತದೆ. ಹಾಳಾದ ಬಣ್ಣವನ್ನು ಇದು ಮರಳಿಸುವುದಿಲ್ಲ, ಆದರೆ ಈ ಪಿಸ್ತೂಲು ಯಾರ ಕೈಯಿಂದ ಇಲ್ಲಿಗೆ ಬಂತೆಂಬುದಕ್ಕೆ ಬರಹದ ಸಾಕ್ಷಿಯಾಗುತ್ತದೆ. ಅಂಥ ಸಾಕ್ಷಿಗೆ ಸಂಗ್ರಾಹಕರು ಹೆಚ್ಚು ಕೊಡುತ್ತಾರೆ. ಹರಾಜು ಸಂಸ್ಥೆಯವರು ಕಣ್ಣಾರೆ ನೋಡುವವರೆಗೆ ಮಾರುವುದು ಬೇಡ.

ಬ್ಯಾಟರಿ ಮುಗಿಯುತ್ತಿದೆ. ಅಜ್ಜಿ ಪಿಸ್ತೂಲನ್ನು ಮತ್ತೆ ಒರೆಗೆ ಸೇರಿಸಲು ಹೊರಟಿದ್ದಾರೆ. ಬೇಡ ಅಜ್ಜಿ, ಚರ್ಮ ತೇವ ಹಿಡಿದಿಟ್ಟುಕೊಂಡು ಉಕ್ಕಿಗೆ ತುಕ್ಕು ತರುತ್ತದೆ. ಒರೆ ಬೇರೆ ಇರಲಿ, ಕಾಗದವನ್ನು ಮಡಚದೆ ಪುಸ್ತಕದ ನಡುವೆ ಇಡಿ, ಇದನ್ನು ಈ ಎಣ್ಣೆಬಟ್ಟೆಯಲ್ಲಿ ಸುತ್ತೋಣ.